ಎರಡನೇ ಚರಣದಲ್ಲಿ ಕೊಂಚ ತಡ

ಶ್ರೀರಾಂಪುರದಲ್ಲಿ ಇಸ್ತ್ರಿ ಅಂಗಡಿಯ ಮೇಲೊಂದು ಕೋಣೆ.
ಮೆಟ್ರೋ ಹಾದಾಗೆಲ್ಲ
ಮೇಜಿನ ಮೇಲಿನ ಟೀ ಲೋಟ ನಡುಗುತ್ತದೆ.
ಅಲ್ಲಿ ಕೂತು ಹಾಡುಗಳಿಂದ ಡ್ರಮ್ಸ್ ತೆಗೆಯುತ್ತೇನೆ ನಾನು.
ಹಾಡೊಂದಕ್ಕೆ ನೂರೈವತ್ತು. ಅರ್ಜೆಂಟಾದರೆ ಇನ್ನೂರು.

ಕಲಿಯುವ ಮಕ್ಕಳಿಗೆ ಬೇಕು ಇಂಥವು:
ದನಿ ಇರಬೇಕು, ಕೊಳಲು ಇರಬೇಕು, ಬೇಸ್ ಇರಬೇಕು,
ಬಾರಿಸುವವನ ಕುರ್ಚಿಯೊಂದು ಖಾಲಿ ಇರಬೇಕು,
ತಾವು ಹೋಗಿ ಕೂರುವುದಕ್ಕೆ.

ಮೊದಲೆಲ್ಲ ಈಕ್ವಲೈಸರ್ ತಿರುವಿ ತಿರುವಿ ಕೊರೆಯುತ್ತಿದ್ದೆ.
ಕಿಕ್ ಜೊತೆ ಬೇಸೂ ಹೋಗುತ್ತಿತ್ತು,
ಹೈಹ್ಯಾಟ್ ಜೊತೆ ಹಾಡುವವಳ ಸಕಾರ ಶಕಾರಗಳೆಲ್ಲ,
ಅಕ್ಕಿಯ ಕಲ್ಲು ಆರಿಸಲು ಹೋಗಿ
ಅರ್ಧ ಅಕ್ಕಿ ಚೆಲ್ಲಿದ ಹಾಗೆ.
ಈಗ ಸಾಫ್ಟ್‌ವೇರ್ ಬಂದಿದೆ.
ಗುಂಡಿ ಒತ್ತಿ, ಕೆಳಗಿಳಿದು, ಟೀ ಕುಡಿದು ಬಂದರೆ
ಹಾಡು ನಾಲ್ಕು ಪಾಲಾಗಿ ಬಿದ್ದಿರುತ್ತದೆ,
ಅಣ್ಣತಮ್ಮಂದಿರ ಆಸ್ತಿಯಂತೆ, ಜಗಳವಿಲ್ಲದೆ.

ಮೊನ್ನೆ ಲಿಂಗರಾಜಪುರದಿಂದ ಎಸ್ತರ್ ಅಂತ ಒಂದು ಹುಡುಗಿ,
ಹದಿನಾರೋ ಹದಿನೇಳೋ, ಬೆನ್ನಿಗೆ ಸ್ಟಿಕ್ಕಿನ ಚೀಲ.
ಫೋನಿನಲ್ಲಿ ಹಾಡು ಕೇಳಿಸಿ
“ತುಂಬಾ ಹಳೇದು ಅಂಕಲ್, ತೆಗೆಯಕ್ಕಾಗತ್ತಾ?” ಅಂದಳು.
ನಾಲ್ಕು ಪೆಟ್ಟು ಸಾಕಿತ್ತು.
ನಾನೇ ಅದು.

ತೊಂಬತ್ತಮೂರರ ಮೇ. ಗಾಂಧಿನಗರದ ಒಂದು ಮಹಡಿ.
ಆರ್ಕೆಸ್ಟ್ರಾದವರು ನಾವು ಡ್ರಮ್ಸ್‌ಗೆ ಜಾಝ್ ಅನ್ನುತ್ತಿದ್ದ ಕಾಲ.
ಎಲ್ಲರೂ ಒಟ್ಟಿಗೇ, ಒಂದೇ ಟೇಕು.
ಕ್ಯಾಸೆಟ್ಟಿನ ಹೊದಿಕೆಯ ಮೇಲೆ ನನ್ನ ಹೆಸರಿಲ್ಲ;
ಜೆರಾಕ್ಸ್ ಅಂಗಡಿಯೊಂದರ ಜಾಹೀರಾತು ಇದೆ.

ಆ ದಿನ ದವಡೆ ಹಲ್ಲು ಸಿಡಿಯುತ್ತಿತ್ತು.
ಲವಂಗ ಕಚ್ಚಿಕೊಂಡು ಬಾರಿಸಿದೆ.
ಎರಡನೇ ಚರಣಕ್ಕೆ ಹೊರಳುವಲ್ಲಿ ನೋವು ಮಿಂಚಿ
ಸ್ನೇರಿನ ಒಂದು ಪೆಟ್ಟು
ಕೂದಲೆಳೆಯಷ್ಟು ತಡವಾಯಿತು.
ಗಾಜಿನಾಚೆ ಡೈರೆಕ್ಟರು ಗಡಿಯಾರ ನೋಡಿದರು:
“ಓಕೆ, ಮುಂದೆ.”
ಬಸ್ಸಿನಲ್ಲಿ ದಾರಿಯುದ್ದಕ್ಕೂ
ತೊಡೆಯ ಮೇಲೆ ಅದನ್ನು ಸರಿಯಾಗಿ ಬಾರಿಸಿಕೊಂಡು ಬಂದೆ.

ಇರಲಿ. ನೂರೈವತ್ತಕ್ಕೆ ನನ್ನನ್ನು ನಾನೇ ಅಳಿಸಿದೆ.
ನೂರು ಮಾಡ್ಕೊಳ್ಳಿ ಅಂಕಲ್ ಅಂದಳು. ಮಾಡಿಕೊಂಡೆ.

ಕೊಡುವ ಮುಂಚೆ ಹೆಡ್‌ಫೋನಿನಲ್ಲಿ ಉಳಿದದ್ದು ಕೇಳಿದೆ.
ನನ್ನದೇನೂ ಇಲ್ಲ,
ಹಾಡುವವಳ ಮೈಕಿಗೆ ಸೋರಿದ ಸಿಂಬಲ್ಲಿನ ಒಂದು ತೆಳು ಮಂಜಿನ ಹೊರತು.
ಆದರೆ ಎರಡನೇ ಚರಣಕ್ಕೆ ಹೊರಳುವಲ್ಲಿ
ಕೊಳಲಿನ ಶಾಮಣ್ಣಾಚಾರ್ ಉಸಿರು ಹಿಡಿದಿದ್ದಾರೆ.
ಬೇಸಿನ ವಿಕ್ಟರ್ ಬೆರಳೆತ್ತಿ ನಿಂತಿದ್ದಾನೆ.
ಹಾಡುವವಳು ‘ನೀ’ ಅನ್ನುವುದನ್ನು
ತುಟಿಯಲ್ಲೇ ತಡೆದಿದ್ದಾಳೆ.
ಮೂವರೂ ನನಗಾಗಿ ಕಾದಿದ್ದಾರೆ,
ಕೂದಲೆಳೆಯಷ್ಟು.

ಮೂವತ್ತು ವರ್ಷ ಯಾರೂ ಇದನ್ನು ಹೇಳಿರಲಿಲ್ಲ.
ನನ್ನದೇ ಪೆಟ್ಟಿನ ಸದ್ದಿನಡಿ
ನನಗೂ ಕೇಳಿರಲಿಲ್ಲ.
ಶಾಮಣ್ಣಾಚಾರ್ ತೀರಿಕೊಂಡರು. ಹಾಡಿದವಳು ಎಲ್ಲಿದ್ದಾಳೋ.
ವಿಕ್ಟರ್ ಕಮ್ಮನಹಳ್ಳಿಯಲ್ಲಿ ಕೇಕ್ ಅಂಗಡಿ ಇಟ್ಟಿದ್ದಾನೆ;
ನಂಬರ್ ತೆಗೆದು, ಏನಂತ ಹೇಳಲಿ ಎಂದು ತಿಳಿಯದೆ
ಫೋನ್ ಮಡಗಿದೆ.

ಸೋಮವಾರ ಎಸ್ತರ್:
“ಅಂಕಲ್, ಎರಡ್ನೇ ಚರಣದ್ ಹತ್ರ ಟ್ರ್ಯಾಕ್ ಜಾರತ್ತೆ.
ಮೆಟ್ರೊನೋಮ್ ಹಾಕಿದ್ರೆ ಕೂರಲ್ಲ. ಸರಿ ಮಾಡ್ಕೊಡ್ತೀರಾ?”

ಮಾಡಬಹುದಿತ್ತು.
ಅಲ್ಲೊಂದು ಇಲ್ಲೊಂದು ಕತ್ತರಿಸಿ ಎಳೆದು ಕೂರಿಸಿದರೆ
ಐದು ನಿಮಿಷದ ಕೆಲಸ.

“ಮೆಟ್ರೊನೋಮ್ ಆರಿಸು” ಅಂದೆ. “ಕೊಳಲು ಕೇಳು.”

ಬಹಳ ಹೊತ್ತು ಅವಳ ಕಡೆಯಿಂದ ಮಾತಿಲ್ಲ.
ಆಮೇಲೆ ಫೋನಿನೊಳಗೆ ಹಾಡು ಶುರುವಾಯಿತು, ತಗಡಿನಂಥ ದನಿಯಲ್ಲಿ,
ಅದರ ಮೇಲೆ ರಬ್ಬರ್ ಪ್ಯಾಡಿನ ಟಪ್ ಟಪ್.
ಪಲ್ಲವಿ ದಾಟಿತು. ಮೊದಲ ಚರಣ ದಾಟಿತು.
ಅಷ್ಟರಲ್ಲಿ ಮೆಟ್ರೋ ಬಂತು, ಲೋಟ ನಡುಗಿತು,
ಹೊರಳುವ ಜಾಗ ನನಗೆ ಕೇಳಿಸಲೇ ಇಲ್ಲ.

ರೈಲು ಹೋದ ಮೇಲೆ
ಅವಳಿನ್ನೂ ಹಾಡಿನ ಜೊತೆಯಲ್ಲೇ ಇದ್ದಳು.